ಚಕ್ರಕ್ಕೆ ನೀರು

ಪ್ರೇಮಾನಂದ ಸೊಂಟ ಬಗ್ಗಿಸದೆಯೇ ರೋಗ ಹೇಳಿಬಿಟ್ಟ. ಟೆಂಪೊದ ಬಾಗಿಲು ತೆರೆದು, ಬ್ರೇಕ್ ಪೆಡಲನ್ನು ಕೈಯಿಂದಲೇ ಎರಡು ಸಲ ಒತ್ತಿ ನೋಡಿ, ಆಮೇಲೆ ರತ್ನಳ ಪಾದಗಳನ್ನು ನೋಡಿದ. ಸವೆದ ಹವಾಯಿ ಚಪ್ಪಲಿ, ಬಿರುಕು ಬಿಟ್ಟ ಹಿಮ್ಮಡಿ.

"ಪ್ಯಾಡ್ ಎರಡ್ ಸಲ ಬದ್ಲ್ ಮಾಡ್ದೆ ರತ್ನಕ್ಕ. ಇನ್ನ್ ಬದ್ಲ್ ಮಾಡುಕಿಪ್ದ್ ನಿಮ್ಮ್ ಕಾಲ್ ಒಂದೇ," ಎಂದ. "ಘಾಟಿ ಇಳುವತ್ತಿಗೆ ಬ್ರೇಕಿನ್ ಮೇಲಿಂದ್ ಕಾಲ್ ತೆಗುದೇ ಇಲ್ಲೆ ನೀವ್. ಹೆಂಗ್ಸ್ರ್ ಗಾಡಿ ಬಿಟ್ರೆ ಹಾಂಗೇ. ಹೆದ್ರಿಕೆ."

ಹಳೆಯ ಟಯರುಗಳ ಮೇಲೆ ಕುಳಿತು ಚಹಾ ಕುಡಿಯುತ್ತಿದ್ದ ಇಬ್ಬರು ನಕ್ಕರು.

"ಚಕ್ರ ಬಿಚ್ಚಿ ಒಂದ್ ಸಲ ಕಾಣಿ," ಎಂದಳು ರತ್ನ.

"ಬಿಚ್ಚಿ ಕಾಂಬುಕೆ ಎಂತ ಇತ್ತ್? ಒಳ್ಗೆ ನಿಮ್ಮ್ ಕಾಲಿಲ್ಯಲೆ."

ಮತ್ತೆ ನಗು. ರತ್ನ ಬಾಗಿಲು ಎಳೆದುಕೊಂಡು ಗಾಡಿ ಚಾಲೂ ಮಾಡಿದಳು. ಕುಂದಾಪುರದ ಆ ಗ್ಯಾರೇಜಿನಿಂದ ಹೆದ್ದಾರಿಗೆ ತಿರುಗುವಾಗ ಬ್ರೇಕ್ ಒತ್ತಬೇಕಾಯಿತು. ಪೆಡಲು ಅವಳ ಅಂಗಾಲಿಗೆ ದಡದಡ ಹೊಡೆಯಿತು, ಸ್ಟೇರಿಂಗು ಚಳಿಜ್ವರ ಬಂದವರಂತೆ ನಡುಗಿತು. ಕನ್ನಡಿಯಲ್ಲಿ ಪ್ರೇಮಾನಂದ ತನ್ನ ಕಾಲನ್ನು ಎತ್ತಿ ಆ ಇಬ್ಬರಿಗೆ ಏನೋ ತೋರಿಸುತ್ತಿದ್ದುದು ಕಾಣಿಸಿತು.

ಮರವಂತೆಯ ಐವರು ಹೆಂಗಸರು ಸಂಘದಿಂದ ತೆಗೆದ ಟೆಂಪೊ ಅದು. ಅದಕ್ಕೂ ಮೊದಲು ಮೀನಿನ ಬುಟ್ಟಿ ಇಟ್ಟುಕೊಂಡು ಬಸ್ಸಿಗೆ ಕಾಯುತ್ತಿದ್ದರು. ಕಂಡಕ್ಟರನಿಗೆ ಮನಸ್ಸಿದ್ದರೆ ಬಸ್ಸು ನಿಲ್ಲುತ್ತಿತ್ತು. ಇಲ್ಲದಿದ್ದರೆ ಬಿಸಿಲೇರಿ ಬಂಗುಡೆಯ ಕಣ್ಣು ಬೆಳ್ಳಗಾಗುವ ತನಕ ನಿಂತಿರಬೇಕಿತ್ತು. ಟೆಂಪೊ ಬಂದಾಗ ಯಾರು ಬಿಡುವುದು ಎಂಬ ಮಾತು ಬಂತು. "ನಾ ಕಲ್ತ್ಕಂತೆ," ಎಂದಿದ್ದಳು ರತ್ನ. ಆಗ ಅವಳಿಗೆ ಮೂವತ್ತೊಂಬತ್ತು. ತಮಾಷೆ ಎಂದುಕೊಂಡು ಎಲ್ಲರೂ ನಕ್ಕರು. ಅವಳು ಬೈಂದೂರಿಗೆ ಹೋಗಿ ಕಲಿತು, ಲೈಸೆನ್ಸನ್ನೂ ತಂದಳು. ಎರಡು ವರ್ಷದಿಂದ ನಸುಕಿನಲ್ಲಿ ಬಂದರಿನಿಂದ ಮೀನು ತುಂಬಿಕೊಂಡು ಘಾಟಿ ಹತ್ತುವುದು, ಮೇಲಿನ ಊರುಗಳಲ್ಲಿ ಒಬ್ಬೊಬ್ಬರನ್ನೇ ಬುಟ್ಟಿಯ ಸಮೇತ ಇಳಿಸುವುದು, ಮಧ್ಯಾಹ್ನ ಮತ್ತೆ ಎಲ್ಲರನ್ನೂ ಹತ್ತಿಸಿಕೊಂಡು ಇಳಿಯುವುದು ಅವಳ ಕೆಲಸ.

ಆ ಎರಡು ವರ್ಷದಲ್ಲಿ ರತ್ನಳಿಗೆ ತನ್ನ ಬಗ್ಗೆ ಒಂದು ಸಂಗತಿ ತಿಳಿದಿತ್ತು. ಅದನ್ನು ಅವಳು ಯಾರಿಗೂ ಹೇಳಿರಲಿಲ್ಲ. ಮನೆಯಲ್ಲಾಗಲಿ, ಬಂದರಿನಲ್ಲಾಗಲಿ, ಗಂಡ ರತ್ನಾಗಿರಿಯ ಬೋಟಿನಿಂದ ಫೋನು ಮಾಡಿದಾಗಲಾಗಲಿ, ಅವಳು ಯಾವಾಗಲೂ ಯಾರದೋ ಮಾತು ಮುಗಿಯಲಿ ಎಂದು ಕಾಯುವವಳು. ಸ್ಟೇರಿಂಗ್ ಹಿಡಿದಾಗ ಮಾತ್ರ ಹಾಗಲ್ಲ. ಎಲ್ಲಿ ನಿಲ್ಲಬೇಕು, ಎಲ್ಲಿ ನಿಲ್ಲಬಾರದು ಎಂಬುದು ಅವಳಿಗೇ ಬಿಟ್ಟದ್ದು. ಮುಂದೆ ಘಾಟಿಯ ತಿರುವು ಬರುವಾಗ ಎದೆಯಲ್ಲಿ ಏಳುತ್ತಿದ್ದುದು ಹೆದರಿಕೆಯಲ್ಲ. ಅದಕ್ಕೆ ಅವಳ ಹತ್ತಿರ ಹೆಸರಿರಲಿಲ್ಲ.

ಮಳೆಗಾಲ ಮುಗಿದ ಮೇಲೆ ಈ ನಡುಕ ಶುರುವಾಯಿತು. ಪ್ರೇಮಾನಂದ ಪ್ಯಾಡ್ ಹಾಕಿದ. ಒಂದು ವಾರ ಸರಿ ಇದ್ದಂತಾಗಿ ಮತ್ತೆ ನಡುಕ. ಮತ್ತೆ ಪ್ಯಾಡ್, ಮತ್ತೆ ನಡುಕ. ಕಳೆದ ಬುಧವಾರ ಘಾಟಿಯ ತಿರುವಿನಲ್ಲಿ ಎದುರಿಗೆ ಬಸ್ಸು ಬಂತು. ರತ್ನ ಬ್ರೇಕ್ ಒತ್ತಿದಳು. ಟೆಂಪೊ ಕುಣಿಯುತ್ತ ಕುಣಿಯುತ್ತ ಹೋಗಿ ಮೋರಿಯ ಕಟ್ಟೆಗೆ ಒಂದು ಮೊಳ ಇರುವಾಗ ನಿಂತಿತು. ಪಕ್ಕದಲ್ಲಿ ಕುಳಿತಿದ್ದ ಚಂದುವಿನ ಹಣೆ ಗಾಜಿಗೆ ಬಡಿದು ನೆಲ್ಲಿಕಾಯಿಯಷ್ಟು ಊದಿತು.

ಅಂದೇ ಸಂಜೆ ಸಂಘದ ಹಿರಿಯಳು ಅಕ್ಕು ಟೆಂಪೊ ನಿಲ್ಲಿಸಲು ಹೇಳಿದಳು. "ಸೋಮವಾರ ನನ್ನ್ ಅಂಗಳ್ದಂಗೆ ಮಾತಾಡ್ವ. ಚಂದುವಿನ ಅಕ್ಕನ್ ಮಗ ಅಶೋಕ ಬಿಡ್ತೆ ಅಂದಿದ. ಅಲ್ಲಿವರೆಗೆ ರಿಪೇರಿ ಎಂತ ಇತ್ತೋ ಕಾಣ್." ಸೋಮವಾರ ಘಾಟಿಯ ಮೇಲೆ ಮೀನು ತಿನ್ನುವವರು ಕಡಿಮೆ, ಅಂದು ಅವರಿಗೆ ರಜೆ. ಉಳಿದ ದಿನಗಳಿಗೆ ಹೆಂಗಸರು ಮತ್ತೆ ಬುಟ್ಟಿ ಹಿಡಿದು ಬಸ್ಸಿಗೆ ನಿಂತರು.

ಕಾಲು. ರತ್ನ ತ್ರಾಸಿ ದಾಟುವ ತನಕ ತನ್ನ ಕಾಲಿನ ಬಗ್ಗೆಯೇ ಯೋಚಿಸಿದಳು. ಎರಡು ಮಕ್ಕಳನ್ನು ಹೊತ್ತ, ಬಂದರಿನ ಜಾರುವ ಮೆಟ್ಟಿಲಲ್ಲಿ ಮೂವತ್ತು ಕೆಜಿ ಬುಟ್ಟಿಯ ಕೆಳಗೆ ಜಾರದೆ ನಿಂತ ಕಾಲು ಅದು. ಈಗ ಅದು ಊರಿನವರ ಸ್ವತ್ತಾಗಿತ್ತು. ಎಲ್ಲರೂ ಅದನ್ನು ನೋಡಿ ಮಾತಾಡುತ್ತಿದ್ದರು. ಹತ್ತು ಜನ ಹೇಳಿದರೆ ಆಡೂ ನಾಯಿ ಎಂಬಂತೆ, ಅವಳಿಗೂ ಒಮ್ಮೆ ಅನುಮಾನ ಬಂತು. ನಿಜವಾಗಿಯೂ ತಾನು ಹೆದರುತ್ತಿದ್ದೇನೆಯೇ? ಹೆದರಿಕೆ ತನಗೇ ತಿಳಿಯದಂತೆ ಕಾಲಿಗೆ ಇಳಿದಿದೆಯೇ?

ಮರವಂತೆಗೆ ಬಂದಾಗ ರಸ್ತೆ ನೇರವಾಯಿತು. ಎಡಕ್ಕೆ ಸಮುದ್ರದ ತಡೆಗಲ್ಲುಗಳು, ಬಲಕ್ಕೆ ಹೊಳೆ. ಮಧ್ಯಾಹ್ನದ ಹೊತ್ತು, ಹಿಂದೆ ಮುಂದೆ ಗಾಡಿ ಇರಲಿಲ್ಲ. ನೋಡಿಯೇ ಬಿಡೋಣ ಎನಿಸಿತು.

ನಲವತ್ತರ ವೇಗದಲ್ಲಿ ಎರಡೂ ಪಾದಗಳನ್ನು ನೆಲಕ್ಕಿಟ್ಟಳು. ನಡುಕವಿಲ್ಲ. ಬ್ರೇಕನ್ನು ಮೆಲ್ಲಗೆ ಒತ್ತಿದಳು. ದಡ ದಡ ದಡ ದಡ. ಒತ್ತಿಯೇ ಇಟ್ಟಳು. ವೇಗ ಇಪ್ಪತ್ತಕ್ಕೆ ಇಳಿಯಿತು. ದಡ, ದಡ, ದಡ. ಹತ್ತಕ್ಕೆ ಇಳಿಯಿತು. ದಡ. ದಡ. ಚಕ್ರ ಒಂದು ಸುತ್ತು ಬಂದರೆ ಒಂದು ಪೆಟ್ಟು. ಚಕ್ರ ನಿಧಾನವಾದರೆ ಪೆಟ್ಟೂ ನಿಧಾನ.

ರತ್ನ ಗಾಡಿ ನಿಲ್ಲಿಸಿದಳು. ನಡುಗುವುದು ಕಾಲಾಗಿದ್ದರೆ ಅದಕ್ಕೆ ಗಾಡಿಯ ವೇಗ ನೋಡಿ ನಡುಗಲು ಬರುತ್ತದೆಯೇ?

ಇನ್ನೊಂದು ಸಲ ಹೊರಟಳು. ಹ್ಯಾಂಡ್ ಬ್ರೇಕು ಹಿಂದಿನ ಎರಡು ಚಕ್ರವನ್ನು ಮಾತ್ರ ಹಿಡಿಯುತ್ತದೆ ಎಂದು ಡ್ರೈವಿಂಗ್ ಕಲಿಸಿದವರು ಹೇಳಿದ್ದು ನೆನಪಿತ್ತು. ಈ ಸಲ ಪೆಡಲು ಮುಟ್ಟದೆ, ಹ್ಯಾಂಡ್ ಬ್ರೇಕಿನ ಗುಂಡಿ ಒತ್ತಿ ಹಿಡಿದು ಮೆಲ್ಲಮೆಲ್ಲಗೆ ಎಳೆದಳು. ಟೆಂಪೊ ಒಂದಿಷ್ಟೂ ಅಲುಗದೆ, ದೋಣಿ ಮರಳಿಗೆ ತಾಗಿದಂತೆ ನಿಂತಿತು. ಹಾಗಾದರೆ ಹಿಂದಿನ ಚಕ್ರಗಳಲ್ಲಿ ದೋಷವಿಲ್ಲ. ಇದ್ದರೆ ಮುಂದೆ. ಪ್ರೇಮಾನಂದ ಎರಡು ಸಲ ಪ್ಯಾಡ್ ಹಾಕಿಯೂ ಸರಿಯಾಗಿ ನೋಡದೇ ಹೋದ ಜಾಗದಲ್ಲಿ.

ಶನಿವಾರ ಅವಳು ಪ್ರೇಮಾನಂದನ ಗ್ಯಾರೇಜಿನ ಮುಂದೆಯೇ ಹಾದು ಕೋಟದ ಕಡೆ ಹೋದಳು. ಅಲ್ಲಿ ರಸ್ತೆ ಬದಿಯಲ್ಲಿ ಚಂದಯ್ಯನ ಲೇತ್ ಶೆಡ್ಡು. ಬೋಟಿನ ಶಾಫ್ಟು ಕಡೆದು ಕಡೆದು ಎಪ್ಪತ್ತು ದಾಟಿದ ಮನುಷ್ಯ. ಕಿವಿ ಮಂದ, ಕಣ್ಣು ಚುರುಕು. ರತ್ನ ತಾನು ಮರವಂತೆಯ ರಸ್ತೆಯಲ್ಲಿ ಮಾಡಿದ್ದನ್ನು ಜೋರಾಗಿ ಹೇಳಿದಳು. ಅವನು ಪೂರಾ ಕೇಳಿದ. ಅಷ್ಟು ಹೊತ್ತು ಯಾರಾದರೂ ತನ್ನ ಮಾತು ಕೇಳಿ ಎಷ್ಟು ಕಾಲವಾಯಿತೋ ಎಂದು ಅವಳಿಗೆ ಅನಿಸಿತು.

"ಹ್ಯಾಂಡ್ ಬ್ರೇಕ್ ಎಳ್ದ್ ಕಾಂಬುಕೆ ನಿಂಗೆ ಯಾರ್ ಹೇಳ್ದ್?"

"ಯಾರೂ ಹೇಳ್ಲಿಲ್ಲೆ."

"ಅರ್ಧ ಕೆಲ್ಸ ನೀನೇ ಮಾಡ್ಕಂಡ್ ಬಂದಿದೆ," ಎಂದು ಅವನು ಜಾಕ್ ಎಳೆದುಕೊಂಡು ಬಂದ.

ಮುಂದಿನ ಎಡ ಚಕ್ರ ಕಳಚಿದಾಗ ಒಳಗೆ ಕಬ್ಬಿಣದ ದೊಡ್ಡ ತಟ್ಟೆಯಂಥ ಡಿಸ್ಕು ಕಂಡಿತು. ಬ್ರೇಕ್ ಒತ್ತಿದಾಗ ಪ್ಯಾಡುಗಳು ಎರಡು ಬದಿಯಿಂದ ಹಿಡಿಯುವುದು ಅದನ್ನೇ. ಚಂದಯ್ಯ ಅವಳ ಬೆರಳನ್ನು ಅದರ ಮೇಲೆ ಅಂಚಿನವರೆಗೆ ಜಾರಿಸಲು ಹೇಳಿದ. ಅಂಚಿನಲ್ಲಿ ಉಗುರು ಸಿಕ್ಕಿಕೊಂಡಿತು. ಪ್ಯಾಡು ತಾಗುವ ಜಾಗ ಸವೆದು, ತಾಗದ ಅಂಚು ಏಣಿನಂತೆ ಉಳಿದಿತ್ತು. ಮೈಮೇಲೆ ಅಲ್ಲಲ್ಲಿ ನೀಲಿ ಕಲೆ. ಚಂದಯ್ಯ ಮೈಕ್ರೋಮೀಟರಿನಿಂದ ಎಂಟು ಕಡೆ ದಪ್ಪ ಅಳೆದ. ಎಂಟೂ ಕಡೆ ಬೇರೆ ಬೇರೆ. ಡಿಸ್ಕಿನ ನಡುವಿನ ತುಕ್ಕು ಉಜ್ಜಿದಾಗ ಒಂದು ಅಂಕೆ ಕಂಡಿತು, ಇದಕ್ಕಿಂತ ತೆಳುವಾದರೆ ಬಿಸಾಡಿ ಎಂಬ ಅಂಕೆ. ಅದನ್ನು ಡಿಸ್ಕು ಯಾವಾಗಲೋ ದಾಟಿತ್ತು.

ಕೊನೆಗೆ ಅವನು ಒಂದು ಇಟ್ಟಿಗೆಯ ಮೇಲೆ ಕೈ ಊರಿ, ಸೀಮೆಸುಣ್ಣದ ಕಡ್ಡಿಯ ತುದಿಯನ್ನು ಡಿಸ್ಕಿಗೆ ಕೂದಲೆಳೆಯಷ್ಟು ದೂರದಲ್ಲಿ ಹಿಡಿದ. "ತಿರ್ಗ್ಸ್," ಎಂದ. ರತ್ನ ಕೈಯಿಂದ ಡಿಸ್ಕನ್ನು ತಿರುಗಿಸಿದಳು. ಸರ್ ಎಂದಿತು, ಸುಮ್ಮನಾಯಿತು, ಮತ್ತೆ ಸರ್ ಎಂದಿತು. ನಿಲ್ಲಿಸಿ ನೋಡಿದರೆ ಬಿಳಿ ಗೆರೆ ಒಂದು ಕಡೆ ಮಾತ್ರ ಬಿದ್ದಿತ್ತು, ಅರ್ಧ ಚಂದ್ರನ ಹಾಗೆ. ನೆಟ್ಟಗಿರುವ ಡಿಸ್ಕಾಗಿದ್ದರೆ ಸುತ್ತಲೂ ಬೀಳಬೇಕಿತ್ತು, ಇಲ್ಲವೇ ಎಲ್ಲೂ ಬೀಳಬಾರದಿತ್ತು.

"ಸೊಟ್ಟ ಆಯ್ದ್. ಇದ್ಕೆ ನೂರ್ ಪ್ಯಾಡ್ ಹಾಕ್ರೂ ಅಷ್ಟೇ," ಎಂದ ಚಂದಯ್ಯ.

ರತ್ನಳ ಕಣ್ಣು ತುಂಬಿತು. ಅದು ಅಳುವಲ್ಲ, ಹಲ್ಲು ಕಚ್ಚಿ ಹಿಡಿದದ್ದು ಸಡಿಲವಾದದ್ದು.

ಆದರೆ ಚಂದಯ್ಯ ಅಲ್ಲಿಗೆ ಬಿಡಲಿಲ್ಲ. ಬಲಗಡೆಯದ್ದನ್ನೂ ಬಿಚ್ಚಿ ನೋಡಿದ. ಅದೂ ಸೊಟ್ಟ. "ಎರಡೂ ಒಟ್ಟಿಗೆ ಸೊಟ್ಟ ಆಪುದಂದ್ರೆ... ಹೆಣೆ, ಘಾಟಿ ಇಳ್ದ್ ಕೂಡ್ಲೆ ಎಂತಾರೂ ನೀರಂಗೆ ಗಾಡಿ ಹಾಕ್ತ್ಯಾ?"

"ನೀರಂಗೆ ಎಂತಕ್ ಹಾಕ್ಲಿ," ಎಂದವಳು ಅಲ್ಲಿಗೇ ನಿಂತಳು.

ಘಾಟಿಯ ಬುಡದಲ್ಲಿ ಹೊಳೆಬೈಲು ಎಂಬ ಊರು. ರಸ್ತೆ ಅಲ್ಲಿನ ದೇವಸ್ಥಾನದ ಎದುರೇ ಹಾದು ಹೋಗುತ್ತದೆ. ಮೀನಿನವರು ಸೈಕಲ್ಲಿನಲ್ಲಿ ಬರುತ್ತಿದ್ದ ಕಾಲದಿಂದ ಒಂದು ಕಟ್ಟಳೆ: ಮೀನು ಮಾರಿ ವಾಪಸು ಬರುವವರು ಊರಿನ ಬಾಗಿಲಲ್ಲಿರುವ ತೋಡಿನ ನೀರಿನಿಂದ ಗಾಡಿ ತೊಳೆದು ಮುಂದೆ ಹೋಗಬೇಕು. ಮುಖ್ಯವಾಗಿ ಚಕ್ರ, ಏಕೆಂದರೆ ದೇವರ ಬೀದಿಯನ್ನು ಮುಟ್ಟುವುದು ಚಕ್ರ. ಎರಡು ವರ್ಷದಿಂದ ಪ್ರತಿ ಮಧ್ಯಾಹ್ನ ರತ್ನ ಘಾಟಿ ಇಳಿದ ಗಾಡಿಯನ್ನು ತೋಡಿನ ಪಕ್ಕ ನಿಲ್ಲಿಸಿ, ಸೀರೆ ಎತ್ತಿ ಕಟ್ಟಿ, ಒಂದೊಂದು ಚಕ್ರಕ್ಕೂ ಎರಡೆರಡು ಬಕೆಟ್ಟು ನೀರು ಹೊಯ್ದಿದ್ದಳು. ಮುಂದಿನ ಚಕ್ರದಿಂದ ಚುಂಯ್ ಎಂದು ಹಬೆ ಏಳುತ್ತಿತ್ತು. ಅದನ್ನು ನೋಡಿ ಸೆಖೆ ಹೋಯಿತು ಎಂದು ಅವಳಿಗೇ ಒಂದು ನಮೂನೆ ತಂಪಾಗುತ್ತಿತ್ತು. ಮನೆಯಲ್ಲಿ ಕಾದ ಕಾವಲಿಗೆ ಮಗಳು ನೀರು ಹಾಕಲು ಹೋದರೆ ಕೈ ಹಿಡಿದು ಬೈಯುವವಳು, ಘಾಟಿ ಇಳಿದು ಕೆಂಡವಾದ ಕಬ್ಬಿಣಕ್ಕೆ ತಣ್ಣೀರು ಸುರಿದಿದ್ದಳು.

ಕೋಟದಿಂದ ಮರಳುವಾಗ ಅವಳ ಮನಸ್ಸಿನಲ್ಲಿ ಎರಡು ಮಾತು ಜಗಳವಾಡಿದವು. ಡಿಸ್ಕು ಹಾಳಾಗಿದೆ ಎಂದಷ್ಟೇ ಹೇಳಿ ನೀರಿನ ಮಾತು ನುಂಗಿದರೆ ಯಾರಿಗೂ ತಿಳಿಯದು. ಹೇಳಿದರೆ, ನೋಡಿದಿರಾ, ಕೊನೆಗೂ ಇವಳದೇ ಕಿತಾಪತಿ ಎನ್ನುತ್ತಾರೆ. ಆದರೆ ನುಂಗಿದರೆ ನಾಳೆಯೂ ನೀರು ಹೊಯ್ಯಬೇಕಾಗುತ್ತದೆ, ಹೊಸ ಡಿಸ್ಕೂ ಸೊಟ್ಟಗಾಗುತ್ತದೆ, ಆಗ ಕೀಲಿ ಕೈ ಅಶೋಕನ ಜೇಬಿಗೆ ಹೋಗುತ್ತದೆ. ಮನೆಗೆ ಮುಟ್ಟುವಾಗ ಜಗಳ ತೀರ್ಮಾನವಾಗಿತ್ತು.

ಸೋಮವಾರ ಅಕ್ಕುವಿನ ಅಂಗಳಕ್ಕೆ ಅವಳು ಟೆಂಪೊ ಸಮೇತ ಬಂದಳು. ಮಾತು ಶುರುವಾಗುವ ಮೊದಲೇ ಜಾಕ್ ಇಟ್ಟು, ಸ್ಪ್ಯಾನರಿನ ಮೇಲೆ ಕಾಲಿನಿಂದ ಒದ್ದು ನಟ್ಟು ಸಡಿಲಿಸಿ, ತಾನೇ ಚಕ್ರ ಕಳಚಿದಳು. ಹೆಂಗಸರು ಸುತ್ತ ನೆರೆದರು.

"ಇದೆಂತ ಮಾರಾಯ್ತಿ, ಗಾಡಿ ಬಾಣಂತನ ಮಾಡುಕೆ ಹೊರ್ಟ್ಯಾ?" ಎಂದಳು ಚಂದು, ಹಣೆಯ ಮೇಲಿನ ಬುಗುಟು ಮುಟ್ಟಿಕೊಳ್ಳುತ್ತ.

"ನೀನೇ ತಿರ್ಗ್ಸ್ ಚಂದಕ್ಕ," ಎಂದಳು ರತ್ನ, ಇಟ್ಟಿಗೆಯ ಮೇಲೆ ಕೈ ಊರಿ ಸುಣ್ಣದ ಕಡ್ಡಿ ಹಿಡಿದು.

ಚಂದು ತಿರುಗಿಸಿದಳು. ಗೆರೆ ಒಂದು ಕಡೆ ಮಾತ್ರ ಬಿತ್ತು. ಅವಳು ನಂಬದೆ ಸೆರಗಿನಿಂದ ಒರೆಸಿ ಮತ್ತೆ ತಿರುಗಿಸಿದಳು. ಮತ್ತೆ ಅದೇ ಜಾಗ.

"ಇದ್ ನನ್ನ್ ಕಾಲಾ?" ಎಂದು ಕೇಳಿದಳು ರತ್ನ.

ಅಕ್ಕು ಬಗ್ಗಿ, ಮೀನಿನ ಕಿವಿರು ಬಿಡಿಸಿ ತಾಜಾತನ ನೋಡುವವಳ ಹಾಗೆ ಡಿಸ್ಕನ್ನು ಬೆರಳಿನಿಂದ ಒತ್ತಿ ನೋಡಿದಳು. "ಇದ್ ಸೊಟ್ಟ ಆದ್ದ್ ಹ್ಯಾಂಗೆ?"

"ನಾ ನೀರ್ ಹೊಯ್ದ್," ಎಂದಳು ರತ್ನ. ಹೊಳೆಬೈಲಿನ ಬಕೆಟ್ಟಿನ ಸಂಗತಿಯನ್ನು ಒಂದೂ ಬಿಡದೆ ಹೇಳಿದಳು.

"ಹಾಂಗಾರೆ ಹಾಳ್ ಮಾಡದ್ ನೀನೇ ಅಲ್ದಾ?" ಎಂದಳು ಚಂದು. "ಕಾಲಲ್ದಿರೆ ಕೈ."

"ಹೌದ್, ನಾನೇ. ಆರೆ ಕಾಲ್ ಅಂದ್ರೆ ನಂಗೆ ಬಿಡುಕೆ ಬತ್ತಿಲ್ಲೆ ಅಂತ ಆಯ್ತ್. ಅದ್ ಸುಳ್ಳ್. ನೀರ್ ಹೊಯ್ದದ್ ಗೊತ್ತಿಲ್ದೆ. ಈಗ ಗೊತ್ತಾಯ್ತ್, ಇನ್ನ್ ಹೊಯ್ತಿಲ್ಲೆ." ಅವಳು ಸುಣ್ಣದ ಕೈಯನ್ನು ಸೀರೆಗೆ ಒರೆಸಿಕೊಂಡಳು. "ಅಶೋಕ ಬಂದ್ರೆ ಅವ್ನೂ ಹೊಯ್ಕ್. ಅವ್ನ್ ಡಿಸ್ಕೂ ಸೊಟ್ಟ ಆತ್ತ್. ಅವಾಗ ಅವ್ನ್ ಕಾಲ್ ಕಾಂತ್ರ್ಯಾ ಯಾರಾರೂ?"

ಒಬ್ಬಳು ಕಿಸಕ್ಕನೆ ನಕ್ಕಳು. ಅಕ್ಕು ನಗಲಿಲ್ಲ. "ಹೊಳೆಬೈಲಿನರ್ ಬಿಡ್ಕಲೆ? ನನ್ನ್ ಅತ್ತಿ ಕಾಲ್ದಿಂದ ಬುಟ್ಟಿ ತೊಳ್ದೇ ಬಂದದ್ ನಾವ್."

"ಅದ್ ನನ್ ಮೇಲಿರ್ಲಿ."

ಅಕ್ಕು ತೀರ್ಮಾನ ಹೇಳಿದಳು. ಹೊಸ ಡಿಸ್ಕು ಹಾಕಿಸುವುದು. ಒಂದು ತಿಂಗಳು ನೋಡುವುದು. ಮತ್ತೆ ಗಾಡಿ ನಡುಗಿದರೆ ರತ್ನ ಮಾತಿಲ್ಲದೆ ಕೀಲಿ ಕೈ ಕೊಡುವುದು.

ಡಿಸ್ಕು ಹಾಕಿಸಿದ ಮಾರನೆಯ ದಿನವೇ ಅವರು ಘಾಟಿ ಹತ್ತಿದರು. ಇಳಿಯುವಾಗ ರತ್ನ ಎರಡನೇ ಗೇರಿನಲ್ಲೇ ಇಳಿದಳು. ಆದರೂ ಬುಡಕ್ಕೆ ಬರುವಾಗ ಬ್ರೇಕಿನ ಬಿಸಿ ವಾಸನೆ ಮೂಗಿಗೆ ಬಡಿಯಿತು; ಅಂಥ ಇಳಿಜಾರಿನಲ್ಲಿ ಯಾರು ಬಿಟ್ಟರೂ ಅಷ್ಟು ಬಿಸಿಯಾಗುವುದೇ.

ತೋಡಿನ ಪಕ್ಕದ ಗೂಡಂಗಡಿಯ ರಾಜೀವ ಎದ್ದು ರಸ್ತೆಗೆ ಬಂದ. ಮೀನಿನ ಗಾಡಿ ತೊಳೆಸುವ ಉಸ್ತುವಾರಿ ಅವನಿಗೆ ಯಾರು ಕೊಟ್ಟರೋ, ಅವನೇ ತೆಗೆದುಕೊಂಡನೋ, ಅಂತೂ ಅವನದೇ. ಬಕೆಟ್ಟು ಅವನ ಅಂಗಡಿಯದು.

"ಹ್ವಾಯ್, ನಿಲ್ಸಿ. ಎಂತ ಸೀದಾ ಹೋಪುಕೆ ಹೊರ್ಟದ್?"

ರತ್ನ ನಿಲ್ಲಿಸಿ ಇಳಿದಳು. "ಹಿಂದೆ ಬುಟ್ಟಿ ಇಡು ಜಾಗ ತೊಳಿತೆ ರಾಜೀವಣ್ಣ. ಚಕ್ರಕ್ಕೆ ನೀರ್ ಹಾಕುಕಾತಿಲ್ಲೆ. ಬಿಸಿ ಇತ್ತ್, ಬ್ರೇಕ್ ಹಾಳಾತ್ತ್."

"ಚಕ್ರವೇ ಮುಖ್ಯ. ಇಷ್ಟ್ ವರ್ಷ ಹಾಳಾಯ್ಲಿಲ್ಯಾ?"

"ಆಯ್ತ್. ಅದ್ಕೇ ಹೇಳುದ್."

"ಹಾಂಗಾರೆ ಹೋಪುಕಿಲ್ಲೆ."

"ಹೋತಿಲ್ಲೆ," ಎಂದಳು ರತ್ನ. "ಚಕ್ರ ತಣಿಲಿ, ಆಮೇಲೆ ನೀವ್ ಹೇಳ್ದಷ್ಟ್ ಹೊಯ್ತೆ. ಮುಕ್ಕಾಲ್ ಗಂಟೆ ಬೇಕಾತ್ತ್. ಅಲ್ಲಿವರೆಗೆ ಇಲ್ಲೇ ಇರ್ತ್."

ಅವಳು ಹೋಗಿ ಟೆಂಪೊದ ಹಿಂದಿನ ಬಾಗಿಲನ್ನು ತೆರೆದು ಕೆಳಗಿಳಿಸಿದಳು. ಇಡೀ ಬೆಳಗಿನ ಮೀನಿನ ನೀರು, ಕರಗಿದ ಐಸು, ಬುಟ್ಟಿಯ ತಳದ ಭೂತಾಯಿ ಮೀನಿನ ಎಣ್ಣೆ, ಎಲ್ಲದರ ವಾಸನೆ ಮಧ್ಯಾಹ್ನದ ಬಿಸಿಲಿಗೆ ಎದ್ದು ನಿಂತಿತು. ಮಹಾಪೂಜೆಯ ಹೊತ್ತು. ಬಸ್ಸಿನಿಂದ ಇಳಿದ ಭಕ್ತರು ಮೂಗಿಗೆ ಶಾಲು ಹಿಡಿದು ದಾಟತೊಡಗಿದರು.

ಹಿಂದೆ ಕುಳಿತಿದ್ದ ಹೆಂಗಸರು ಇಳಿಯಲೋ ಬೇಡವೋ ಎಂದು ಅಕ್ಕುವಿನ ಮುಖ ನೋಡಿದರು. ಮೊದಲು ಎದ್ದವಳು ಚಂದು. ಅವಳು ಮುಂದಿನ ಸೀಟಿನಿಂದ ಇಳಿದು ಬಂದು, ರಾಜೀವನ ಅಂಗಡಿಯ ಎದುರಿನ ಕಟ್ಟೆಯ ಮೇಲೆ ಸೆರಗು ಬೀಸಿಕೊಳ್ಳುತ್ತ ಕುಳಿತು, ಬುತ್ತಿ ಬಿಚ್ಚಿದಳು. ಗಂಜಿಗೆ ಸುಟ್ಟ ಒಣಮೀನು.

"ಬನ್ನಿ, ಉಂಬ. ಹ್ಯಾಂಗೂ ಮುಕ್ಕಾಲ್ ಗಂಟೆ ಇತ್ತಲೆ," ಎಂದಳು. "ರಾಜೀವಣ್ಣ, ಚೂರ್ ಉಪ್ಪಿನಕಾಯಿ ಇತ್ತಾ ಅಂಗ್ಡಿಯಂಗೆ?"

ರಾಜೀವನ ಮುಖ ಕೆಂಪಾಯಿತು. "ಮುಂದೆ ಹೋಯಿ ಉಣ್ಣಿ. ಪೂಜೆ ಹೊತ್ತ್ ಇದ್."

"ಮುಂದೆ ಹೋಪುಕಿಲ್ಲೆ ಅಂದದ್ ನೀವೇ," ಎಂದಳು ರತ್ನ.

ಅವನು ಸರಸರನೆ ತೋಡಿಗಿಳಿದು ತಾನೇ ಬಕೆಟ್ಟು ತುಂಬಿಸಿಕೊಂಡು ಬಂದ. ರತ್ನ ಅವನಿಗಿಂತ ಮೊದಲು ಮುಂದಿನ ಚಕ್ರದ ಮುಂದೆ ಹೋಗಿ ನಿಂತಳು. ಬೆನ್ನಿಗೆ ಬಿಸಿ ಹೊಡೆಯುತ್ತಿತ್ತು. ಕಾಲು ನಡುಗಲಿಲ್ಲ. ನಡುಗುತ್ತದೆಯೋ ಎಂದು ಅವಳು ಒಮ್ಮೆ ಕೆಳಗೆ ನೋಡಿಯೂ ನೋಡಿದಳು.

"ಹೊಯ್ಯಿನಿ," ಎಂದಳು. "ನನ್ ಮೇಲೆ ಹೊಯ್ಯಿನಿ. ಬಪ್ಪರ್ ಹೋಪರ್ ಎಲ್ಲ ಕಾಣ್ಲಿ."

ಬಸ್ಸಿನವರು ನೋಡುತ್ತಿದ್ದರು. ಒಬ್ಬ ಮುದುಕಿ, "ಪಾಪ, ಅವ್ಳ್ ಎಂತ ಮಾಡಿದ್ಲ್?" ಎಂದು ಕೇಳಿದಳು. ರಾಜೀವ ಬಕೆಟ್ಟು ಎತ್ತಿ ಹಿಡಿದವನು ಬಸ್ಸಿನವರ ಕಡೆ ನೋಡಿದ. ಆಮೇಲೆ ಅದನ್ನು ಕೆಳಗಿಟ್ಟ. ಬಾಯಲ್ಲಿ ಏನೋ ಗೊಣಗಿ, ಕೈಯನ್ನು ಬೀದಿಯ ಕಡೆ ಬೀಸಿದ. "ಹೋಯ್ನಿ. ನಾಳೆ ಕಮಿಟಿಯರ್ ಬತ್ರ್, ಅವ್ರ್ ಹತ್ರ ಮಾತಾಡಿ."

ಹೆಂಗಸರು ಬುತ್ತಿ ಕಟ್ಟಿಕೊಂಡು ಹತ್ತಿದರು. ರತ್ನ ಹಿಂದಿನ ಬಾಗಿಲು ಹಾಕಿ, ಕೊಕ್ಕೆ ಬಿಗಿದು, ಸೀಟಿಗೆ ಬಂದು ಕುಳಿತಳು. ದೇವರ ಬೀದಿಯಲ್ಲಿ ಒಣ ಚಕ್ರದ ಟೆಂಪೊ ಮೊದಲ ಸಲ ಹಾದು ಹೋಯಿತು. ನಡುವೆ ಒಂದು ದನ ಅಡ್ಡ ಬಂತು. ಅವಳು ಬ್ರೇಕ್ ಒತ್ತಿದಳು. ಗಾಡಿ ಸದ್ದಿಲ್ಲದೆ ನಿಂತಿತು, ದನ ದಾಟಿತು, ಗಾಡಿ ಹೊರಟಿತು. ಪಕ್ಕದಲ್ಲಿ ಚಂದು ಗಾಜಿಗೆ ಅಡ್ಡ ಹಿಡಿದಿದ್ದ ಕೈಯನ್ನು ಮೆಲ್ಲಗೆ ಇಳಿಸಿ ಮಡಿಲಲ್ಲಿಟ್ಟುಕೊಂಡಳು.

ಊರು ದಾಟಿದ ಮೇಲೆ ಹಿಂದಿನ ಕಿಂಡಿಯಿಂದ ಅಕ್ಕುವಿನ ಧ್ವನಿ ಬಂತು. "ನಾಳೆ ಅವ ಹತ್ತ್ ಜನ ಕಟ್ಕಂಡ್ ಬತ್ತ, ಕಾಣ್ ರತ್ನ."

"ಬರ್ಲಿ," ಎಂದಳು ರತ್ನ, ರಸ್ತೆಯಿಂದ ಕಣ್ಣು ತೆಗೆಯದೆ. "ನಾಳೆ ಗಂಜಿ ಜಾಸ್ತಿ ಕಟ್ಕಂಡ್ ಬಪ್ಪ."